ಬೂದಿ ಕಾಯುವ ಕೆಲಸ

ಅವನಿಗಿಂತ ಮುಂಚೆ ಬಂದು ಬೆಂಚಿನ ಮೇಲೆ ಕೂತಿದ್ದವರು ಇಬ್ಬರಿದ್ದರೂ ಕ್ಷೌರದಂಗಡಿಯವನು ಕುರ್ಚಿಯನ್ನು ಟವೆಲ್ಲಿನಿಂದ ಎರಡು ಸಲ ಕೊಡವಿ, "ಬನ್ನಿ ಸಾರ್, ನೀವು ಕೂತ್ಕೊಳ್ಳಿ. ಇವರಿಗೇನು ಅವಸರ?" ಅಂದ. ಬೆಂಚಿನ ಮೇಲಿನ ಇಬ್ಬರೂ ತಮಗೆ ಅವಸರವಿಲ್ಲವೆಂದು ತಲೆಯಾಡಿಸಿದರು. ಒಬ್ಬ ಈಗ ಮುಚ್ಚಿರುವ ಅಣುವಿದ್ಯುತ್ ಸ್ಥಾವರದ ಟರ್ಬೈನು ಮನೆಯಲ್ಲಿ ಬೆಸುಗೆ ಹಾಕುತ್ತಿದ್ದವನು, ಇನ್ನೊಬ್ಬ ಸ್ಥಾವರದ ಬಸ್ಸು ಓಡಿಸುತ್ತಿದ್ದವನು. ಇಬ್ಬರಿಗೂ ನಿಜವಾಗಿಯೇ ಅವಸರವಿರಲಿಲ್ಲ. ಇಡೀ ಊರಿನಲ್ಲಿ ಈಗ ಯಾರಿಗೂ ಅವಸರವಿಲ್ಲ. ಮೊದಲಾಗಿದ್ದರೆ, ಕುರ್ಚಿಗೆ ಕರೆಸಿಕೊಂಡ ಅವನು "ಛೆ ಛೆ, ಅವರದಾಗಲಿ" ಅನ್ನುತ್ತಿದ್ದ. ಇವತ್ತು ಹಾಗಂದರೆ ಅದೂ ಒಂದು ದೊಡ್ಡಸ್ತಿಕೆಯಾದೀತು ಅನ್ನಿಸಿ ತೆಪ್ಪಗೆ ಕೂತ. ತಾನು ಒಳಗೆ ಬರುವವರೆಗೂ ಅವರಿಬ್ಬರು ಏನನ್ನೋ ಜೋರಾಗಿ ಮಾತಾಡುತ್ತಿದ್ದರು, ತನ್ನನ್ನು ಕಂಡದ್ದೇ ಬಾಯಿಗೆ ಬೀಗ ಹಾಕಿಕೊಂಡರು ಎಂಬುದು ಅವನಿಗೆ ಕನ್ನಡಿಯಲ್ಲಿ ಅವರ ಮುಖ ನೋಡಿದಾಗ ಖಾತ್ರಿಯಾಯಿತು. ಸ್ಥಾವರ ಮುಚ್ಚಿದ ಮೇಲೂ ಒಳಗೆ ಉಳಿಸಿಕೊಂಡ ಬೆರಳೆಣಿಕೆಯ ಜನರಿಗೆ ಊರು ಒಂದು ಹೆಸರಿಟ್ಟಿತ್ತು: ಬೂದಿ ಕಾಯೋರು. ಉರಿದು ಮುಗಿದ ಇಂಧನದ ಸರಳುಗಳನ್ನು ಆಳವಾದ ಕೊಳವೊಂದರಲ್ಲಿ ಮುಳುಗಿಸಿಟ್ಟು, ಅವು ಆರುವವರೆಗೆ, ಅಂದರೆ ವರ್ಷಾನುಗಟ್ಟಲೆ, ಆ ನೀರನ್ನು ನೋಡುತ್ತ ಕೂರುವುದು ಅವನ ಈಗಿನ ಉದ್ಯೋಗ. ಹೆಸರು ಇಟ್ಟವನು ಯಾರೋ ಬುದ್ಧಿವಂತನೇ ಇರಬೇಕು ಎಂದು ಅವನಿಗೂ ಒಳಗೊಳಗೇ ಅನ್ನಿಸಿತ್ತು.

"ಎಷ್ಟು ತೆಗೀಲಿ ಸಾರ್?" ಎಂದು ಕ್ಷೌರದವನು ಕತ್ತರಿ ಹಿಡಿದು ಕೇಳಿದ. ತೆಗೆಯುವುದಕ್ಕೆ ತಲೆಯಲ್ಲಿ ಏನೂ ಇರಲಿಲ್ಲ. ಹೋದ ವಾರವಷ್ಟೇ ಕತ್ತರಿಸಿದ್ದು ಅವನಿಗೂ ಗೊತ್ತು, ಕತ್ತರಿಸಿದವನಿಗೂ ಗೊತ್ತು. "ಸುಮ್ಮನೆ ಒಂದು ಸಲ ಕಿವಿ ಹತ್ತಿರ" ಎಂದು ಅವನು ಗೊಣಗಿದ. ಬೆಳಿಗ್ಗೆ ಹೆಂಡತಿ ಅವನ ಸ್ವೆಟರಿನ ತೋಳು ಸರಿಮಾಡುತ್ತ, "ಇವತ್ತು ಹೋಗಿ ಹೇಳಿ ಬಂದುಬಿಡ್ರಿ. ಸಂಜೆಯೊಳಗೆ ಹೆಸರು ಕೊಡಬೇಕು ಅಂದಿದ್ರಲ್ಲ. ಆಮೇಲೆ ಬೇರೆಯವರನ್ನ ತಗೊಂಡುಬಿಟ್ರೆ ನಾವು ಬಾಯಿ ಬಾಯಿ ಬಡ್ಕೋಬೇಕಾಗುತ್ತೆ" ಎಂದಿದ್ದಳು. ಹೇಳಿ ಬರಬೇಕಾದದ್ದು ಅವಳ ತಮ್ಮನಿಗೆ. ಸ್ಥಾವರದ ಕಾವಲಿನ ಗುತ್ತಿಗೆದಾರನಿಗೆ ಒಬ್ಬ ಆಳು ಬೇಕಾಗಿತ್ತು. ತಾನು ಹೆಸರು ಹೇಳಿದರೆ ಸಾಕು, ಎರಡು ಮಾತಿಲ್ಲ. ಭಾಮೈದ ಒಪ್ಪಿದರೆ ಊರಲ್ಲೇ ಉಳಿಯುತ್ತಾನೆ. ಇಲ್ಲವಾದರೆ ಬರುವ ಭಾನುವಾರ ಹೆಂಡತಿ, ಮಗಳನ್ನು ಕಟ್ಟಿಕೊಂಡು ದೂರದ ಬಂದರಿನ ಮಂಜುಗಡ್ಡೆ ಕಾರ್ಖಾನೆಗೆ ಹೊರಡುತ್ತಾನೆ. ವಿಷಯ ಇಷ್ಟೇ. ಹೇಳಿ ಬರುವುದಕ್ಕೆ ಕಾಲು ಗಂಟೆ ಸಾಕು. ಆದರೂ ಅವನು ಮನೆಯಿಂದ ಹೊರಟವನು ಭಾಮೈದನಿರುವ ಕೆರೆಯ ಕಡೆ ಹೋಗದೆ ಅಂಚೆ ಕಚೇರಿಗೆ ಹೋಗಿ ಬೇಡದ ಲಕೋಟೆ ಕೊಂಡು, ಔಷಧಿ ಅಂಗಡಿಯ ಮುಚ್ಚಿದ ಬಾಗಿಲಿಗೆ ಅಂಟಿಸಿದ ಚೀಟಿಯನ್ನು ಗಮನವಿಟ್ಟು ಓದಿ, ಈಗ ಬೋಳಾಗುವುದಕ್ಕೆ ಬಂದು ಕೂತಿದ್ದ.

ಎದ್ದು ಹೊರಗೆ ಬಂದಾಗ ಕತ್ತಿನ ಹಿಂಭಾಗಕ್ಕೆ ಚಳಿ ತಾಗಿತು. ಮುಖ್ಯ ರಸ್ತೆಯಲ್ಲಿ ಒಂದು ಬಿಟ್ಟು ಒಂದು ಮನೆಯ ಕಿಟಕಿಯಲ್ಲಿ 'ಕೋಣೆ ಬಾಡಿಗೆಗಿದೆ' ಎಂಬ ಹಲಗೆ. ಸ್ಥಾವರವನ್ನು ದುರಸ್ತಿಗೆಂದು ನಿಲ್ಲಿಸಿದಾಗಲೆಲ್ಲ ಊರು ತುಂಬ ಹೊರಗಿನ ಕೆಲಸಗಾರರು ಬಂದು ಸೇರುತ್ತಿದ್ದರು. ಅವರಿಗಾಗಿ ಊರಿನವರು ಮನೆಯ ಮೇಲೊಂದು ಮಹಡಿ, ಮಹಡಿಯ ಮೇಲೊಂದು ಕೋಣೆ ಎಂದು ಕಟ್ಟುತ್ತಲೇ ಹೋಗಿದ್ದರು. ಜೇನುಗೂಡಿನಂಥ ಮನೆಗಳು, ಹುಳು ಇಲ್ಲ. ಶಾಲೆಯಲ್ಲಿ ಎರಡು ತರಗತಿಗಳನ್ನು ಒಂದೇ ಕೋಣೆಗೆ ಹಾಕಿದ್ದರು. ಹಲ್ಲಿನ ಡಾಕ್ಟರು ತನ್ನ ಕುರ್ಚಿಯನ್ನೇ ಕಿತ್ತುಕೊಂಡು ಹೋಗಿದ್ದ. ಸ್ಥಾವರ ಕಟ್ಟುತ್ತಿದ್ದ ತೆರಿಗೆ ನಿಂತದ್ದರಿಂದ ಪುರಸಭೆ ಬೀದಿದೀಪಗಳನ್ನು ಒಂದು ಬಿಟ್ಟು ಒಂದು ಉರಿಸುತ್ತಿತ್ತು. ಅರ್ಧ ನಾಡಿಗೆ ಬೆಳಕು ಕೊಟ್ಟ ಊರಿಗೆ ಈ ಗತಿ ಎಂದು ಜನ ನಗುತ್ತಿದ್ದರು. ನಕ್ಕು ಅವನ ಮುಖ ನೋಡಿ, ನಾಲಿಗೆ ಕಚ್ಚಿಕೊಂಡು, "ನಿಮಗಲ್ಲ ಸಾರ್ ಹೇಳಿದ್ದು" ಅನ್ನುತ್ತಿದ್ದರು. ಮುಚ್ಚಿದ್ದು ಅವನಲ್ಲ. ಎಲ್ಲೋ ದೂರದಲ್ಲಿ, ಅವನು ಕಂಡೇ ಇರದ ಮೇಜಿನ ಸುತ್ತ ಕೂತವರು ನಿರ್ಧರಿಸಿದ್ದು. ಆದರೆ ಕೊನೆಯ ದಿನ ಗುಂಡಿ ಒತ್ತಿದ್ದು ಅವನು. ಹಳಬ, ಕೈ ಪಳಗಿದವನು, ಗೌರವ ಅವನಿಗೇ ಸಲ್ಲಬೇಕೆಂದು ಮೇಲಿನವರು ಅಂದಿದ್ದರು. ಹೊಸ ಅಂಗಿ ಹಾಕಿಕೊಂಡು ಹೋಗಿದ್ದ. ಆ ಅಂಗಿಯನ್ನು ಆಮೇಲೆ ತೊಡಲಿಲ್ಲ. ಬೀರುವಿನಲ್ಲಿ ಬಲಗಡೆಯ ತುದಿಗೆ ಇದೆ, ಹೆಂಡತಿ ಒಮ್ಮೆಯೂ ಯಾಕೆಂದು ಕೇಳಿಲ್ಲ.

ಅವಳು ಕೇಳದೆ ಇರುವುದೇ ಅವನಿಗೆ ಭಾರ. ಭಾಮೈದನೂ ಕೇಳಲಿಲ್ಲ. ಕೇಳಿದ್ದರೆ, ಅಂಗಳದಲ್ಲಿ ನಿಲ್ಲಿಸಿ ಬಾಯಿಗೆ ಬಂದದ್ದು ಬೈದಿದ್ದರೆ, ಅವನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದ. ನಡೆದದ್ದಾದರೂ ಏನು? ಸ್ಥಾವರವನ್ನು ತಣಿಸಿದ ನೀರು ಬೆಚ್ಚಗಾಗಿ ಕಾಲುವೆಯಲ್ಲಿ ಹರಿದು ಕೆರೆಗೆ ಸೇರುತ್ತಿತ್ತು. ಚಳಿಗಾಲದಲ್ಲಿ ಅದರ ಮೇಲೆ ಆವಿ ಆಡುತ್ತಿತ್ತು. ಆ ನೀರನ್ನು ತೊಟ್ಟಿಗಳಿಗೆ ತಿರುಗಿಸಿಕೊಂಡು ಭಾಮೈದ ಮೀನು ಸಾಕುತ್ತಿದ್ದ. ಬಿಸಿನಾಡಿನ ಜಾತಿಯ ಮೀನು. ಈ ಊರಿನ ಚಳಿಯಲ್ಲಿ ಅದು ಬದುಕಿದ್ದೇ ಸ್ಥಾವರದ ದಯೆಯಿಂದ. ಸ್ಥಾವರ ನಿಂತರೆ ನೀರು ತಣ್ಣಗಾಗುತ್ತದೆ, ನೀರು ತಣ್ಣಗಾದರೆ ಮೀನು ಹೊಟ್ಟೆ ಮೇಲೆ ಮಾಡುತ್ತದೆ. ಆದ್ದರಿಂದ ನಿಲ್ಲಿಸುವ ಮುನ್ನ ಯಾವಾಗಲೂ ನಿಯಂತ್ರಣ ಕೊಠಡಿಯಿಂದ ಮೀನಿನವನಿಗೊಂದು ಫೋನು ಹೋಗುತ್ತಿತ್ತು. ಯಾವ ನಿಯಮದಲ್ಲೂ ಬರೆಯದ ವಾಡಿಕೆ. "ಇವತ್ತು ಒಲೆ ಆರಿಸ್ತೀವಿ ಕಣಯ್ಯ" ಅಂದರೆ ಸಾಕು. ಅವನು ಮೇವು ನಿಲ್ಲಿಸಿ, ತೊಟ್ಟಿಯ ಬಾಗಿಲು ಹಾಕಿ, ಬಿಸಿನೀರನ್ನು ಒಳಗೆ ಹಿಡಿದಿಟ್ಟುಕೊಂಡು, ಬಾಯ್ಲರು ಹಚ್ಚಿ ದಿನ ದೂಡುತ್ತಿದ್ದ. ಅಕ್ಕನ ಗಂಡನೇ ಆ ಕೊಠಡಿಯಲ್ಲಿ ಇದ್ದದ್ದರಿಂದ ಬೇರೆ ಯಾರೂ ಆ ಫೋನನ್ನು ಮುಟ್ಟುತ್ತಿರಲಿಲ್ಲ. ಅದು ಮನೆಯವರ ಮಾತು ಎಂದು ಬಿಟ್ಟುಕೊಟ್ಟಿದ್ದರು.

ಕೊನೆಯ ದಿನ ನಿಲ್ಲಿಸುವುದು ಸಂಜೆಗೆಂದು ಎಲ್ಲರಿಗೂ ಗೊತ್ತಿತ್ತು. ಭಾಮೈದ ಅದಕ್ಕೆ ತಕ್ಕಂತೆ ಲೆಕ್ಕ ಹಾಕಿಕೊಂಡಿದ್ದ: ಆ ರಾತ್ರಿಯೊಂದನ್ನು ಹಿಡಿದಿಟ್ಟ ನೀರಿನಲ್ಲಿ ಕಳೆದು, ಮಾರನೆಯ ಬೆಳಿಗ್ಗೆ ಬರುವ ಲಾರಿಗೆ ಇದ್ದಬದ್ದ ಮೀನನ್ನೆಲ್ಲ ಜೀವಂತ ತುಂಬಿ, ಬಂದ ದುಡ್ಡಿನಲ್ಲಿ ಇದೇ ಊರಿನಲ್ಲಿ ಬೇರೇನಾದರೂ ಶುರು ಮಾಡುವುದು. ಆದರೆ ಬಂದಿದ್ದ ಅತಿಥಿಗಳಿಗೆ ಬೇಗ ಹಿಂದಿರುಗುವುದಿತ್ತು. ಸಂಜೆಯದು ಬೆಳಿಗ್ಗೆಗೆ ಬಂತು. ನಿಯಂತ್ರಣ ಕೊಠಡಿಯಲ್ಲಿ ಎಂದೂ ಇಲ್ಲದಷ್ಟು ಜನ, ಸೆಂಟಿನ ವಾಸನೆ, ಬೆನ್ನ ಹಿಂದೆ ಮೆಲುಮಾತು. ಫೋನು ಅವನ ಎಡಗೈಗೆ ಎಟುಕುವಷ್ಟು ಹತ್ತಿರ. ನೆನಪಾಗಲಿಲ್ಲವೆಂದು ಹೇಳಿಕೊಳ್ಳುವ ಭಾಗ್ಯವೂ ಅವನಿಗಿಲ್ಲ. ನೆನಪಾಗಿತ್ತು. ಕೈಯನ್ನು ಸ್ವಲ್ಪ ಚಾಚಿಯೂ ಇದ್ದ. ಅಷ್ಟರಲ್ಲಿ ಅತಿಥಿಗಳಲ್ಲೊಬ್ಬಳು ಅವನ ಕೈಯನ್ನೇ ನೋಡುತ್ತ, "ಈಗ ಯಾರಿಗೆ ಹೇಳಬೇಕು?" ಎಂದು ಆಸಕ್ತಿಯಿಂದ ಕೇಳಿದಳು. ಮೀನಿನವನಿಗೆ ಎಂದು ಹೇಳುವುದಕ್ಕೆ ಅವನಿಗೆ ನಾಚಿಕೆಯಾಯಿತು. ಇಂಥ ಗಂಭೀರವಾದ ಹೊತ್ತಿನಲ್ಲಿ, ಹೊಸ ಅಂಗಿ ಹಾಕಿಕೊಂಡು, ಮೀನು! "ಯಾರಿಗೂ ಇಲ್ಲ" ಅಂದ. ಛಾಯಾಗ್ರಾಹಕ ಇತ್ತ ನೋಡಿ ಅಂದ. ನೋಡಿದ. ಒತ್ತಿದ. ಆಮೇಲೆ ಚಪ್ಪಾಳೆ, ಭಾಷಣ, ಕೈಕುಲುಕಾಟ. ಮೇಲಿನವರೊಬ್ಬರು ಹೆಗಲ ಮೇಲೆ ಕೈಯಿಟ್ಟು ಬಿಡಲೇ ಇಲ್ಲ. ಬಿಡಿಸಿಕೊಂಡು ಬಂದು ಫೋನು ಹಚ್ಚುವ ಹೊತ್ತಿಗೆ ಕಾಲುವೆಯ ತಣ್ಣೀರು ಮಧ್ಯಾಹ್ನದುದ್ದಕ್ಕೂ ತೊಟ್ಟಿಗಳ ಒಳಗೆ ಹರಿದಿತ್ತು. ಫೋನು ಬಾರದ್ದರಿಂದ ಸಂಜೆಯವರೆಗೆ ಹೊತ್ತಿದೆಯೆಂದುಕೊಂಡು ಲಾರಿಗೆ ಬೇಕಾದ ಹಲಗೆಗೆಂದು ಪೇಟೆಗೆ ಹೋಗಿದ್ದ ಭಾಮೈದ ತಿರುಗಿ ಬಂದಾಗ ತೊಟ್ಟಿಗಳ ಮೇಲೆ ಬೆಳ್ಳಗೆ ಹೊಟ್ಟೆಗಳು.

ಲಾರಿ ಖಾಲಿ ಹೋಯಿತು. ಭಾಮೈದ ಅಂದದ್ದು ಒಂದೇ ಮಾತು: "ಬಿಡಿ ಭಾವ, ಹೇಗಿದ್ರೂ ಮುಚ್ಚೋದೇ ಇತ್ತಲ್ಲ." ಆ ಮಾತಿನಲ್ಲಿ ಮುಳ್ಳಿದೆಯೋ ಎಂದು ಅವನು ಎಷ್ಟೋ ದಿನ ಹುಡುಕಿದ. ಇರಲಿಲ್ಲ. ಮುಳ್ಳು ಸಿಗದೆ ಹೋದದ್ದಕ್ಕೆ ಅವನಿಗೆ ಭಾಮೈದನ ಮೇಲೆ ಸಿಟ್ಟು ಬಂತು. ಇದನ್ನು ಅವನು ಯಾರ ಹತ್ತಿರವೂ ಹೇಳುವಂತಿರಲಿಲ್ಲ. ಮನೆಗೆ ಭಾಮೈದ ಬಂದು ಕುರ್ಚಿಯ ತುದಿಯಲ್ಲಿ ಕೂತು, "ಹೇಗಿದೀರ ಭಾವ?" ಎಂದು ನಕ್ಕು ಕೇಳಿದರೆ ಅವನು ಏನಾದರೊಂದು ನೆಪ ಹೇಳಿ ಎದ್ದು ಒಳಗೆ ಹೋಗುತ್ತಿದ್ದ. ಇವನೊಬ್ಬ ಊರಿನಲ್ಲಿಲ್ಲದಿದ್ದರೆ ಎಷ್ಟು ನಿರಾಳ ಎಂಬ ಯೋಚನೆ ಒಂದು ದಿನ ಸ್ನಾನ ಮಾಡುವಾಗ ಬಂದು, ತಲೆಗೆ ಹಾಕಿದ ನೀರಿನ ಜೊತೆ ಹೋಗದೆ ಉಳಿದುಕೊಂಡಿತ್ತು. ಅವನು ಕೆಟ್ಟವನಲ್ಲ. ಕೆಟ್ಟವನಲ್ಲವೆಂದು ತನಗೆ ತಾನೇ ದಿನಕ್ಕೆ ಎಷ್ಟು ಸಲ ಹೇಳಿಕೊಳ್ಳುತ್ತಾನೋ.

ಕೆರೆಯ ದಾರಿ ಹಿಡಿಯದೆ ಬೇರೆ ಉಪಾಯ ಉಳಿಯಲಿಲ್ಲ. ಭಾಮೈದ ಖಾಲಿ ತೊಟ್ಟಿಯೊಳಗೆ ಮೊಣಕಾಲೂರಿ ಕೂತು ಪೈಪಿನ ನಟ್ಟು ಬಿಚ್ಚುತ್ತಿದ್ದ. ತಳದಲ್ಲಿ ಒಣಗಿದ ಕೆಸರು, ಮೀನಿನ ವಾಸನೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಶೆಡ್ಡಿನ ಬಾಗಿಲಲ್ಲಿ ಭಾಮೈದನ ಹೆಂಡತಿ ಪಾತ್ರೆಗಳನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದಳು. ಇವನನ್ನು ಕಂಡು ಸೆರಗಿಗೆ ಕೈ ಒರೆಸಿಕೊಂಡು, "ಬನ್ನಿ ಅಣ್ಣ, ಟೀ ಮಾಡ್ತೀನಿ. ಲೋಟ ಎಲ್ಲಿ ಹಾಕಿದೀನೋ ಹುಡುಕಬೇಕು ಅಷ್ಟೇ" ಎಂದು ಒಳಗೆ ಹೋದಳು. ಪೆಟ್ಟಿಗೆ ಕಟ್ಟುವುದಕ್ಕೆ ಶುರು ಮಾಡಿದ್ದಾರೆ, ಅಂದರೆ ಮನಸ್ಸು ಮಾಡಿಯಾಗಿದೆ ಎಂದು ಅವನಿಗೆ ಸಮಾಧಾನವಾಯಿತು. ಸಮಾಧಾನವಾದದ್ದು ಗೊತ್ತಾಗಿ ಮುಖ ಬಿಸಿಯಾಯಿತು.

"ಅಕ್ಕ ಹೇಳಿದ್ಲು, ನೀವು ಬರ್ತೀರಿ ಅಂತ" ಎಂದು ಭಾಮೈದ ತೊಟ್ಟಿಯ ಅಂಚಿಗೆ ಬಂದು ಕೂತ. "ಏನೋ ಕೆಲಸ ಇದೆಯಂತೆ. ಅವಳು ಹೇಳೋದು ಕೇಳಿದ್ರೆ ನನಗೆ ಪಟ್ಟ ಕಟ್ತಾರೇನೋ ಅನ್ನಿಸ್ತು."

"ಪಟ್ಟ ಏನಿಲ್ಲ. ಕಾವಲು" ಅಂದ ಅವನು.

"ಕಾವಲು ಅಂದ್ರೆ ಏನು ಮಾಡಬೇಕು ಭಾವ? ಬಿಡಿಸಿ ಹೇಳಿ. ನನಗೆ ಮನಸ್ಸು ಎರಡಾಗಿದೆ. ಇವಳಿಗೆ ಇಲ್ಲಿಂದ ಹೋಗೋಕೆ ಇಷ್ಟ ಇಲ್ಲ, ಮಗಳಂತೂ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಅಲ್ಲಿಗೆ ಹೋದ್ರೆ ಮಂಜುಗಡ್ಡೆ ಹೊರೋದು. ನನ್ನ ಬೆನ್ನು ನಿಮಗೆ ಗೊತ್ತೇ ಇದೆಯಲ್ಲ."

ಅವನಿಗೆ ಗೊತ್ತಿತ್ತು. ಭಾಮೈದ ಚಿಕ್ಕವನಿದ್ದಾಗ ತಾಯಿ ತೀರಿಕೊಂಡು, ಅಕ್ಕನೇ ಅವನಿಗೆ ತಲೆ ಬಾಚಿ, ಕೈತುತ್ತು ಹಾಕಿ ಬೆಳೆಸಿದ್ದೂ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಎಲ್ಲಿಗೆ ಹೋದರೂ ನಡುವೆ ಈ ತಮ್ಮ ಇರುತ್ತಿದ್ದ. ಸಿನಿಮಾದಲ್ಲಿ ಗಂಡಹೆಂಡಿರ ಮಧ್ಯೆ ಕೂತು ನಿದ್ದೆ ಹೋಗಿ ಭಾವನ ತೋಳಿಗೆ ಜೊಲ್ಲು ಸುರಿಸುತ್ತಿದ್ದ. ಬಾ, ಬಂದುಬಿಡು, ಎಲ್ಲರೂ ಇಲ್ಲೇ ಇರೋಣ ಎಂದು ಹೇಳುವುದಕ್ಕೆ ಅವನ ಬಾಯಿ ತೆರೆಯಿತು. ಅವನ ಕಣ್ಣು ತೊಟ್ಟಿಯ ಗೋಡೆಯ ಮೇಲಿದ್ದ ನೀರಿನ ಗೆರೆಯ ಮೇಲೆ ಬಿತ್ತು. ದಿನಾ ಕೊಳದ ಕೋಣೆಯ ಬಾಗಿಲಲ್ಲಿ ಈ ಮುಖ. ಹೋಗುವಾಗ ಈ ಮುಖ, ಬರುವಾಗ ಈ ಮುಖ, ನಗುತ್ತ, ಏನೂ ಕೇಳದೆ.

"ಕೆಲಸ ಅಂದ್ರೆ ಕೆಲಸ ಅಲ್ಲ ಅದು" ಎಂದು ಅವನು ಶುರು ಮಾಡಿದ. "ಸುಮ್ಮನೆ ಕೂರೋದು. ಒಳಗೆ ಕಿಟಕಿ ಇಲ್ಲ. ಹೊರಗೆ ಬಿಸಿಲೋ ಮಳೆಯೋ ಗೊತ್ತಾಗಲ್ಲ. ಹೋಗುವಾಗ ಬರುವಾಗ ಜೇಬು ತಡಕ್ತಾರೆ, ಕಳ್ಳರನ್ನ ತಡಕಿದ ಹಾಗೆ." ಭಾಮೈದ ತಲೆಯಾಡಿಸುತ್ತ ಕೇಳುತ್ತಿದ್ದ. "ಗುತ್ತಿಗೆದಾರನ ಕೈಕೆಳಗೆ ಇರಬೇಕು. ನಾಳೆ ಬರಬೇಡ ಅಂದ್ರೆ ನಾಳೆ ಹೋಗೋ ಹಾಗಿಲ್ಲ, ಕೇಳೋರು ಯಾರೂ ಇಲ್ಲ. ಊರವರ ಬಾಯಿ ಗೊತ್ತಲ್ಲ ನಿನಗೆ. ಬೂದಿ ಕಾಯೋರು ಅಂತಾರೆ. ಇವತ್ತು ನನ್ನನ್ನ ಅಂತಾರೆ, ನಾಳೆ ನಿನ್ನನ್ನೂ ಅಂತಾರೆ." ಹೇಳುತ್ತ ಹೇಳುತ್ತ ಅವನ ಮಾತಿಗೆ ಓಟ ಬಂತು. ಸುಳ್ಳು ಒಂದೂ ಇರಲಿಲ್ಲ. ಒಂದೊಂದು ಮಾತನ್ನೂ ಆಣೆ ಇಟ್ಟು ಹೇಳಬಹುದಿತ್ತು. ನಿಜ ಇಷ್ಟು ಸಲೀಸಾಗಿ ಕೈಗೆ ಒದಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

"ಆ ಕೊಳದ ನೀರು ಬಿಸಿ ಇರುತ್ತಾ ಭಾವ?" ಎಂದು ಭಾಮೈದ ನಡುವೆ ಕೇಳಿದ.

"ಬೆಚ್ಚಗಿರುತ್ತೆ. ಯಾಕೆ?"

"ಏನಿಲ್ಲ. ನಮ್ಮ ಮೀನಿಗೆ ಹೇಳಿ ಮಾಡಿಸಿದ ಹಾಗಿರುತ್ತೆ" ಎಂದು ನಕ್ಕ. ತಮಾಷೆಗೆ ಹೇಳಿದ್ದು. ಭಾಮೈದನ ತಮಾಷೆಗಳೆಲ್ಲ ಹಾಗೇ, ಕೊಂಕಿಲ್ಲದವು. ಆದರೆ ಅವನಿಗೆ ಕಪಾಳಕ್ಕೆ ಬಿಟ್ಟಂತಾಯಿತು. ಆ ನೋವಿನಲ್ಲಿಯೇ ಅವನು ಆಡಬಾರದ ಮಾತನ್ನು ಆಡಿದ.

"ಅಲ್ಲಿ ಏನೂ ಬೆಳೆಯಲ್ಲ ಕಣೋ. ನೀನು ಜೀವ ಇರೋದರ ಜೊತೆ ಬದುಕಿದವನು. ನಿನ್ನ ಕೈಯಲ್ಲಿ ಏನೇನು ಬೆಳೀತು! ಅಂಥವನು ಹೋಗಿ ಸತ್ತದ್ದನ್ನ ಕಾಯೋದಾ?"

ಟೀ ತಂದ ಭಾಮೈದನ ಹೆಂಡತಿ ಕೊನೆಯ ಮಾತು ಕೇಳಿಸಿಕೊಂಡು ಲೋಟ ಕೊಡುವುದನ್ನು ಮರೆತು ನಿಂತಳು. ಭಾಮೈದ ಸ್ಪ್ಯಾನರನ್ನು ಅಂಗೈಯಲ್ಲಿ ಉರುಳಿಸಿದ. ಅವನ ಕಣ್ಣಂಚು ಒದ್ದೆಯಾಗಿತ್ತು. "ಇಷ್ಟು ನನ್ನ ಬಗ್ಗೆ ಯಾರೂ ಯೋಚನೆ ಮಾಡಿರಲಿಲ್ಲ ಭಾವ" ಅಂದ. "ಬೇರೆಯವರಾಗಿದ್ರೆ ಆಸೆ ತೋರಿಸಿ ಕರಕೊಂಡು ಹೋಗಿ ಕೂರಿಸಿರೋರು. ನೀವು ಇದ್ದದ್ದು ಇದ್ದ ಹಾಗೆ ಹೇಳಿದ್ರಿ. ಆಯ್ತು ಬಿಡಿ, ಹೋಗ್ತೀವಿ. ಬೆನ್ನು ಹೇಗೋ ತಡಕೊಳ್ಳುತ್ತೆ." ಹೆಂಡತಿಯ ಕಡೆ ತಿರುಗಿ, "ಕೇಳಿದೆಯಲ್ಲ, ಭಾವ ಹೇಳಿದ್ದು" ಅಂದ. ಅವಳು ಹೂಂ ಅಂದಳು. ಟೀ ತಣ್ಣಗಾಗಿತ್ತು. ಅವನು ಒಂದೇ ಗುಟುಕಿಗೆ ಕುಡಿದು, ತುಂಬ ಚೆನ್ನಾಗಿದೆ ಎಂದು ಹೇಳಿ ಎದ್ದ.

ಮನೆಗೆ ಹೋಗುವ ದಾರಿಯಲ್ಲಿ ಬಸ್ ನಿಲ್ದಾಣದ ತಗಡಿನ ಸೂರಿನಡಿ ನಿಂತು ಅವನು ಗುತ್ತಿಗೆದಾರನಿಗೆ ಫೋನು ಮಾಡಿದ. "ನಮ್ಮ ಕಡೆಯಿಂದ ಯಾರೂ ಇಲ್ಲ, ನೀವು ಬೇರೆಯವರನ್ನ ನೋಡ್ಕೊಳ್ಳಿ" ಅಂದ. "ಆಗಲಿ ಸಾರ್, ನೂರು ಜನ ಸಾಲುಗಟ್ಟಿ ನಿಂತಿದಾರೆ, ಈಗಲೇ ಒಬ್ಬರಿಗೆ ಹೇಳಿಬಿಡ್ತೀನಿ" ಎಂದ ಆ ಕಡೆಯವನು. ಮನೆಗೆ ಹೋಗಿ ಮಾಡಬಹುದಾಗಿದ್ದ ಫೋನು. ಹೆಂಡತಿಯ ಎದುರು ಮಾಡಲು ಆಗುವುದಿಲ್ಲವೆಂದೇ ಇಲ್ಲಿ ನಿಂತು ಮಾಡಿದ್ದು ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ನಿಲ್ದಾಣದ ಬೆಂಚಿನ ಮೇಲೆ ಕೂತ. ನಿಲ್ಲುವ ಬಸ್ಸುಗಳು ಕಡಿಮೆಯಾಗಿ, ಬೆಂಚಿನ ಮೇಲೆ ಧೂಳು ಕೂತಿತ್ತು. ಬೇಕಾದದ್ದು ಸಿಕ್ಕಿತ್ತು. ಭಾನುವಾರದ ನಂತರ ಯಾರೂ ಕುರ್ಚಿಯ ತುದಿಯಲ್ಲಿ ಕೂತು ಹೇಗಿದ್ದೀರೆಂದು ಕೇಳುವುದಿಲ್ಲ. ನಿರಾಳವಾಗಬೇಕಾದ ಜಾಗದಲ್ಲಿ ಅವನಿಗೆ ಅಳು ಬಂತು. ರಸ್ತೆಯಲ್ಲಿ ಯಾರೋ ಬರುತ್ತಿದ್ದದ್ದರಿಂದ ಮೂಗು ಒರೆಸಿಕೊಂಡು ಎದ್ದ.

ಹೆಂಡತಿ ಬಾಗಿಲಲ್ಲೇ ಇದ್ದಳು. ಅವಳ ಮುಖ ನೋಡಿದ ಕೂಡಲೇ ತಮ್ಮ ಆಗಲೇ ಫೋನು ಮಾಡಿದ್ದಾನೆಂದು ತಿಳಿಯಿತು. ಅವಳು ಸಿಟ್ಟು ಮಾಡಲಿಲ್ಲ. ಒಳಗೆ ಬಂದು ಊಟದ ಮೇಜಿನ ಎದುರು ಕೂತು, "ಒಲ್ಲೆ ಅಂದನಂತೆ. ಭಾವ ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ರು ಅಂತ ಹತ್ತು ಸಲ ಹೇಳಿದ" ಅಂದಳು. ಆಮೇಲೆ, "ಏನೇನು ಹೇಳಿದ್ರಿ?" ಎಂದು ಕೇಳಿದಳು.

"ಕೆಲಸದ ವಿಷಯ."

"ಅದೇ, ಏನು ಹೇಳಿದ್ರಿ? ನನಗೂ ಹೇಳಿ."

ಅವನು ಹೇಳಿದ. ಕಿಟಕಿ ಇಲ್ಲದ್ದು, ಜೇಬು ತಡಕುವುದು, ಗುತ್ತಿಗೆದಾರ, ಊರವರ ಬಾಯಿ. ಅಲ್ಲಿ ಓಡಿ ಬಂದ ಮಾತುಗಳನ್ನು ಇಲ್ಲಿ ಒಂದೊಂದಾಗಿ ಎಳೆದು ತರಬೇಕಾಯಿತು. ಕೊನೆಯದನ್ನು ಬಿಟ್ಟುಬಿಡೋಣವೆಂದುಕೊಂಡ, ಆದರೆ ಅವಳು ಕಣ್ಣು ತೆಗೆಯದೆ ನೋಡುತ್ತಿದ್ದಳು. ಸತ್ತದ್ದನ್ನು ಕಾಯುವ ಮಾತನ್ನೂ ಹೇಳಿ ಮುಗಿಸಿದ. ಅವಳು ಮೇಜಿನ ಮೇಲೆ ಬಿದ್ದಿದ್ದ ಒಂದು ಅಗುಳನ್ನು ಬೆರಳಿನಿಂದ ಒತ್ತಿ ಎತ್ತಿದಳು.

"ಎಲ್ಲಾ ನಿಜಾನೇ" ಅಂದಳು. "ಇಷ್ಟೆಲ್ಲ ಇದ್ದೂ ನೀವು ಯಾಕೆ ಆ ಕೆಲಸ ಬಿಡಲಿಲ್ಲ?"

ಅವನು ತಡಮಾಡದೆ ಉತ್ತರ ಕೊಟ್ಟ. ಈ ಪ್ರಶ್ನೆಗೆ ಉತ್ತರ ಯಾವತ್ತಿನಿಂದಲೋ ಸಿದ್ಧವಾಗಿತ್ತು. "ಇಲ್ಲೇ ಇರಬೇಕಲ್ಲ ನಾವು."

"ಅವನಿಗೂ ಇಲ್ಲೇ ಇರಬೇಕಾಗಿತ್ತು ರೀ" ಅಂದಳು ಅವಳು.

ಆಮೇಲೆ ಎದ್ದು ಹೋಗಿ ಊಟ ಬಿಸಿ ಮಾಡಿದಳು. ಎಂದಿನಂತೆ ಮೊದಲು ಅವನಿಗೆ ಬಡಿಸಿ, ಎಂದಿನಂತೆ ಎದುರಿಗೆ ಕೂತಳು, ತನಗೆ ಬಡಿಸಿಕೊಳ್ಳಲಿಲ್ಲ. ಅವನು ತಲೆ ತಗ್ಗಿಸಿ ತಟ್ಟೆಯನ್ನು ನೋಡಿದ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಅವನಿಗೆ ಹಸಿವಾಗಿತ್ತು, ಉಂಡ.